ಕತ್ತರಿಸಿ ಹಂಚಿದ ಕಾದಂಬರಿಗಳು: ನನ್ನ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗಿರುವ ನಮ್ಮ ಊರಿನ ವಾಚನಾಲಯದಲ್ಲಿ ಕಳೆದ ಮಳೆಗಾಲ ಮೂವತ್ತಾರು ಜನ ಹೊರದೇಶದ ಒಂದಲ್ಲ ಒಂದು ಕಾದಂಬರಿಯನ್ನು ಪೂರ್ತಿಯಾಗಿ ಓದಿ ಮುಗಿಸಿದರು. ಎರಡು ವರ್ಷಗಳ ಹಿಂದೆ, ಕಾದಂಬರಿಯನ್ನು ಕಂತುಗಳಾಗಿ ಕತ್ತರಿಸಿ ಹಂಚುವ ನನ್ನ ಕ್ರಮವನ್ನು ವಿವರಿಸಿದಾಗ, ಪುಸ್ತಕಕ್ಕೆ ಕತ್ತರಿ ಹಾಕುವುದು ಸರಸ್ವತಿಗೆ ಮಾಡುವ ಅಪಚಾರವೆಂದು ಪಕ್ಕದ ಊರಿನ ವಾಚನಾಲಯದ ಹಿರಿಯರೊಬ್ಬರು ಎದುರಿಗೇ ಹೇಳಿದ್ದರು. ಈಗ ಅಂಥವರಲ್ಲಿ ಇಬ್ಬರು ನಮ್ಮಲ್ಲಿಗೆ ಬಂದು ವಹಿ ನೋಡಿ, ವಿಧಾನ ಕೇಳಿಕೊಂಡು ಹೋಗಿದ್ದಾರೆ. ಮತ್ತೆ ಮತ್ತೆ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಮೇಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಊರಿನವರಿಂದಲೂ ಬೆಂಗಳೂರು ಸೇರಿರುವ ಊರಿನ ಮಕ್ಕಳಿಂದಲೂ ಹದಿನೆಂಟು ಸಾವಿರ ರೂಪಾಯಿ ಸಂಗ್ರಹಿಸಿ, ಕನ್ನಡಕ್ಕೆ ಬಂದಿರುವ ಪರದೇಶದ ಕಾದಂಬರಿಗಳನ್ನು ತರಿಸಿ, ಬಾಗಿಲಿನ ಎದುರಿಗೇ ಪ್ರತ್ಯೇಕ ಕಪಾಟಿನಲ್ಲಿ ದೇಶವಾರು ಜೋಡಿಸಿ, ಗೋಡೆಗೆ ಭೂಪಟ ಹಾಕಿದೆ. ಉದ್ಘಾಟನೆಯ ಶಾಮಿಯಾನ, ಅತಿಥಿಗಳ ಕಾರು, ಉಪಾಹಾರಕ್ಕೆಂದು ಇನ್ನೂ ಮೂರೂವರೆ ಸಾವಿರ ಹೋಯಿತು. ವರ್ಷವಿಡೀ ಹೊರಗೆ ಹೋದ ಪುಸ್ತಕಗಳು ಹದಿನಾಲ್ಕೋ ಹದಿನೈದೋ. ತೇಜಸ್ವಿಯವರು ಪ್ರದೀಪ್ ಕೆಂಜಿಗೆಯವರೊಂದಿಗೆ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’ ಮಾತ್ರ ಕೈಯಿಂದ ಕೈಗೆ ಓಡಾಡಿತು, ಆದರೆ ಅದನ್ನು ಮಲೆನಾಡಿನಲ್ಲಿ ಮೊದಲೇ ಎಲ್ಲರೂ ಓದಿದ್ದರಿಂದ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯ ವರ್ಷ, ಓದಿ ಅಭಿಪ್ರಾಯ ಬರೆದವರಿಗೆ ಬಹುಮಾನವೆಂದು ಸಾರಿದೆ. ಬಹುಮಾನಕ್ಕೆ ಐದು ಸಾವಿರ, ಕರಪತ್ರಕ್ಕೆ ಎರಡು ಸಾವಿರದಷ್ಟು ಖರ್ಚಾಯಿತು. ಬಂದ ಹನ್ನೊಂದು ಬರಹಗಳಲ್ಲಿ ಎಂಟು ಪುಸ್ತಕದ ಬೆನ್ನುಪುಟದ ಮಾತುಗಳನ್ನೇ ಹಿಂದೆ ಮುಂದೆ ಮಾಡಿ ಬರೆದವು. ಆ ಸಂಜೆ ನನಗಾದ ನೋವು ಇನ್ನೂ ನೆನಪಿದೆ. ಹೀಗೆ ಎರಡು ವರ್ಷದಲ್ಲಿ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಹಣ ಖರ್ಚಾಗಿ, ಒಬ್ಬ ಹೊಸ ಓದುಗನೂ ಸಿಕ್ಕಿರಲಿಲ್ಲ.

ಹಿಂದೆ ಬಂದ ಪುಸ್ತಕಗಳ ಅಂಚನ್ನು ನೋಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಓದಿದಷ್ಟು ಪುಟಗಳ ಅಂಚು ಮಾಸಿರುತ್ತದೆ, ಉಳಿದದ್ದು ಬೆಳ್ಳಗಿರುತ್ತದೆ. ಈ ಕಾದಂಬರಿಗಳಲ್ಲಿ ಹೆಚ್ಚಿನವು ನಲವತ್ತನೆಯ ಪುಟದ ಆಸುಪಾಸಿನಲ್ಲೇ ನಿಂತಿದ್ದವು. ಜನ ಪ್ರಾರಂಭಿಸುತ್ತಿದ್ದರು, ಮುಂದುವರಿಸುತ್ತಿರಲಿಲ್ಲ. ಅದೇ ದಿನಗಳಲ್ಲಿ ಹಿರಿಯ ಮಹಿಳೆಯೊಬ್ಬರು ಪುಸ್ತಕ ಹಿಂದಿರುಗಿಸಲು ಬಂದವರು, ತಾವು ಚಿಕ್ಕವರಿದ್ದಾಗ ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದ ಬಗೆಯನ್ನೂ, ಆ ಪುಟಗಳನ್ನು ಬಿಡಿಸಿ ದಬ್ಬಣದಿಂದ ಹೊಲಿದು ಇಟ್ಟುಕೊಂಡಿದ್ದನ್ನೂ ಹೇಳಿದರು. ಅವರ ಮನೆಯ ಅಟ್ಟದಲ್ಲಿ ಅಂಥ ಕಟ್ಟುಗಳನ್ನು ಕಣ್ಣಾರೆ ಕಂಡ ಮೇಲೆ ನನಗೆ ದಾರಿ ತೆರೆಯಿತು. ಕಂತುಗಳನ್ನು ಕೂಡಿಸಿ ಪುಸ್ತಕ ಮಾಡಿದ ಊರಿನಲ್ಲಿ ಪುಸ್ತಕವನ್ನು ಮತ್ತೆ ಕಂತು ಮಾಡಬೇಕೆಂದು ನಿಶ್ಚಯಿಸಿದೆ.

ಇದು ಪುಸ್ತಕಕ್ಕೆ ಅವಮಾನವೆಂದವರಿಗೆ ನನ್ನ ಉತ್ತರ ಸರಳವಾಗಿದೆ. ದಾಸ್ತಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ 1866ರಲ್ಲಿ ಮಾಸ್ಕೋದ ಪತ್ರಿಕೆಯೊಂದರಲ್ಲಿ ಕಂತುಕಂತಾಗಿಯೇ ಹೊರಬಂದಿತು, ಡಿಕನ್ಸ್ ಅದಕ್ಕೂ ಮೂವತ್ತು ವರ್ಷ ಮೊದಲೇ ತೆಳು ಹೊದಿಕೆಯ ಮಾಸಿಕ ಕಂತುಗಳಿಂದ ಓದುಗರನ್ನು ಗಳಿಸಿದ್ದನು. ನಾನು ಆ ಕಾದಂಬರಿಗಳನ್ನು ಅವು ಹುಟ್ಟಿದ ರೂಪಕ್ಕೆ ಮರಳಿಸಿದ್ದೇನೆ.

ಮೊದಲು ಜೆರಾಕ್ಸ್ ಮಾಡಿಸುವ ಯೋಚನೆ ಇತ್ತು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದು ತಪ್ಪು, ಅನುವಾದಕರ ಹೊಟ್ಟೆಯ ಮೇಲೆ ಹೊಡೆದಂತೆಯೂ ಆಗುತ್ತದೆ. ಹಾಗಾಗಿ ಪ್ರತಿ ಕಾದಂಬರಿಯ ಎರಡು ಪ್ರತಿಗಳನ್ನು ಕತ್ತರಿಸಲು, ಒಂದನ್ನು ಇಡಿಯಾಗಿ ಉಳಿಸಿಕೊಳ್ಳಲು ಹಣ ಕೊಟ್ಟೇ ಕೊಂಡೆ. ಶಿವಮೊಗ್ಗದ ಬೈಂಡರ್ ಒಬ್ಬರು ಕಂತೊಂದಕ್ಕೆ ನಲವತ್ತೈದು ರೂಪಾಯಿ ಹೇಳಿದರು. ಹತ್ತು ಕಂತಿಗೆ ಪುಸ್ತಕದ ಬೆಲೆಯಷ್ಟೇ ಆಗುವುದರಿಂದ, ಒಂದು ತಿಂಗಳು ಪಟ್ಟುಹಿಡಿದು ನಾನೇ ಕಲಿತೆ. ಈಗ ಖಾಕಿ ಕಾಗದ, ನೂಲು, ಅಂಟು ಎಲ್ಲ ಸೇರಿ ಏಳೆಂಟು ರೂಪಾಯಿಯಲ್ಲಿ ಒಂದು ಕಂತು ಸಿದ್ಧವಾಗುತ್ತದೆ. ಅಂಟು ಬೈಂಡಿಂಗಿನ ಪುಸ್ತಕವನ್ನು ಎಲ್ಲಿ ಬೇಕಾದರೂ ಬಿಡಿಸಬಹುದು. ಹೊಲಿಗೆಯ ಪುಸ್ತಕದಲ್ಲಿ ಫಾರಂ, ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಹದಿನಾರು ಪುಟದ ಕಟ್ಟಿನ ನಡುವೆ ಕತ್ತರಿಸಿದರೆ ಮಡಿಕೆಯ ಆಚೆಯ ಹಾಳೆಗಳೂ ಸಡಿಲವಾಗುತ್ತವೆ, ಅವನ್ನು ಬೇರೆಯಾಗಿ ಅಂಟಿಸಬೇಕು. ಕಂತಿನ ಕೊನೆ ಮತ್ತು ಮುಂದಿನದರ ಮೊದಲು ಒಂದೇ ಹಾಳೆಯ ಎರಡು ಮಗ್ಗುಲಿಗೆ ಬಂದಾಗ ಆ ಪುಟವನ್ನು ಕೈಯಲ್ಲಿ ಬರೆದು ಸೇರಿಸುತ್ತೇನೆ. ಮೊದಲ ಮಳೆಗಾಲದಲ್ಲಿ ಬರಿಯ ಮೈದಾ ಅಂಟು ಬಳಸಿ ಎರಡು ಪ್ರತಿಗಳನ್ನು ಬೂಷ್ಟಿಗೂ ಬೆಳ್ಳಿಹುಳಕ್ಕೂ ಬಲಿಕೊಟ್ಟೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ನಮ್ಮ ಮನೆಗಳಲ್ಲಿ ಇದ್ದೇ ಇರುವ ಮೈಲುತುತ್ತವನ್ನು ಅಂಟಿಗೆ ಬೆರೆಸಿದ ಮೇಲೆ ಆ ಕಾಟ ತಪ್ಪಿತು. ಎಷ್ಟು ಬೆರೆಸಬೇಕೆಂಬುದು ನನ್ನ ಕೈಯಳತೆ, ಅದನ್ನು ಬರಹದಲ್ಲಿ ಕೊಡಲಾರೆ.

ಕಂತುಗಳನ್ನು ವಾಚನಾಲಯದಲ್ಲಿ ಇಡದೆ ಹಾಲಿನ ಸೊಸೈಟಿಯಲ್ಲಿ ಇಟ್ಟದ್ದು ನನ್ನ ಅತ್ಯುತ್ತಮ ನಿರ್ಧಾರ. ಬೆಳಿಗ್ಗೆ ಹಾಲು ಹಾಕಲು ಬಂದವರು ವಾರಕ್ಕೊಮ್ಮೆ ಓದಿದ ಕಂತು ಕೊಟ್ಟು ಮುಂದಿನದನ್ನು ಒಯ್ಯುತ್ತಾರೆ. ಐದು ಕಂತಿನ ಪುಸ್ತಕದ ಒಂದೇ ಪ್ರತಿ ಏಕಕಾಲಕ್ಕೆ ಐದು ಮನೆಗಳಲ್ಲಿರುತ್ತದೆ, ವಾರಕ್ಕೊಬ್ಬ ಹೊಸ ಓದುಗ ಸೇರಬಹುದು. ಹದಿನೇಳು ವಾರದ ಮಳೆಗಾಲದಲ್ಲಿ ಅಂಥ ಒಂದು ಪ್ರತಿ ಹದಿಮೂರು ಜನರನ್ನು ದಡ ಮುಟ್ಟಿಸುತ್ತದೆ. ಮುಂದೆ ಹೋದವರನ್ನು ಹಿಂದಿನವರು ಸೊಸೈಟಿಯ ಕಟ್ಟೆಯಲ್ಲಿ ಕಾಡತೊಡಗಿದಾಗ, ನನ್ನ ಪ್ರಚಾರವೇ ಬೇಡವಾಯಿತು. ಒಬ್ಬರು ಕಂತು ಕಳೆದರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ ಎಂಬುದೊಂದೇ ತೊಂದರೆ. ಒಂದು ಸಲ ಮೂರನೆಯ ಕಂತು ಹಳ್ಳ ದಾಟುವಾಗ ನೀರುಪಾಲಾಗಿ, ಇಡಿಯಾಗಿ ಉಳಿಸಿದ್ದ ಪ್ರತಿಯನ್ನೂ ಬಿಚ್ಚಬೇಕಾಯಿತು.

ಮೊದಲ ಆಯ್ಕೆಯೇ ಕಾರ್ಯಕ್ರಮದ ಹಣೆಬರಹವನ್ನು ನಿರ್ಧರಿಸುತ್ತದೆ. ನಾನು ನೈಜೀರಿಯಾದ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಅನುವಾದವನ್ನು ಆರಿಸಿದೆ. ಅದರಲ್ಲಿ ಮನೆಗೆ ಬಂದ ಅತಿಥಿಗೆ ಕೋಲಾ ಕಾಯಿ ಒಡೆದು ಕೊಡುವ ಮರ್ಯಾದೆಯನ್ನು ಓದಿದ ನಮ್ಮ ತೋಟದ ಜನ, ಇದು ನಮ್ಮ ಎಲೆಅಡಿಕೆಯ ತಟ್ಟೆಯೇ ಎಂದರು. ಬಿತ್ತನೆಗೆ ಮುಂಚಿನ ವಾರ ಭೂದೇವಿಗಾಗಿ ಯಾರೂ ಕೈಯೆತ್ತಬಾರದೆಂಬ ಕಟ್ಟಳೆಯನ್ನು ನಾಯಕ ಮುರಿದು ದಂಡ ತೆರುವ ಭಾಗ ಬಂದಾಗ, ಭೂಮಿ ಹುಣ್ಣಿಮೆಯಂದು ಗದ್ದೆಗೆ ಹಚ್ಚಂಬಲಿಯೆಂಬ ಸೊಪ್ಪಿನ ನೈವೇದ್ಯ ಬೀರುವ ಮನೆಗಳಲ್ಲಿ ಆದ ಚರ್ಚೆಯನ್ನು ನಾನು ಯಾವ ವಿಚಾರಗೋಷ್ಠಿಯಲ್ಲೂ ಕೇಳಿಲ್ಲ. ಗೆಣಸಿನ ಬೆಳೆ ಅಲ್ಲಿ ಗಂಡಸಿನ ಪ್ರತಿಷ್ಠೆಯಾಗಿರುವುದು ಏಕೆಂದು ಒಬ್ಬ ರೈತರು ಮೂರು ದಿನ ನನ್ನನ್ನು ಕೇಳಿದರು.

ರಷ್ಯನ್ ಕಾದಂಬರಿಗೆ ಹೆಸರುಗಳೇ ಅಡ್ಡಿ. ‘ಅಪರಾಧ ಮತ್ತು ಶಿಕ್ಷೆ’ಯ ನಾಯಕನೊಬ್ಬನೇ ರಾಸ್ಕೋಲ್ನಿಕೊವ್, ರೊದಿಯೋನ್ ರೊಮಾನೊವಿಚ್, ರೋದ್ಯಾ ಎಂದು ಕಂಡಲ್ಲಿ ಮೂವರು ಪಾತ್ರಗಳೆಂದು ತಿಳಿದು ಜನ ದಿಕ್ಕೆಟ್ಟಿದ್ದರು. ಪ್ರತಿ ಕಂತಿಗೂ ಹೆಸರಿನ ಚೀಟಿಯೊಂದನ್ನು ದಾರದಲ್ಲಿ ಕಟ್ಟಿದೆ. ರೊಮಾನೊವಿಚ್ ಎಂದರೆ ರೋಮಾನನ ಮಗ ಎಂದು ಬರೆದು, ನಮ್ಮಲ್ಲೂ ಒಬ್ಬನೇ ಮನುಷ್ಯನನ್ನು ಮನೆತನದ ಹೆಸರಿನಿಂದ, ತಂದೆಯ ಹೆಸರಿನಿಂದ, ಮನೆಯೊಳಗಿನ ಮುದ್ದು ಹೆಸರಿನಿಂದ ಕರೆಯುವುದನ್ನು ನೆನಪಿಸಿದೆ. ಚೀಟಿಗೆ ತಗುಲಿದ ವೆಚ್ಚ ಐವತ್ತು ರೂಪಾಯಿಯೂ ಇರಲಾರದು, ಆದರೆ ಆ ಪುಸ್ತಕ ಉಳಿದದ್ದು ಅದರಿಂದಲೇ.

ಎಲ್ಲವೂ ಕತ್ತರಿಗೆ ಒಗ್ಗುವುದಿಲ್ಲ. ಮೆಕ್ಸಿಕೊದ ಹುವಾನ್ ರುಲ್ಫೋ ಬರೆದ ‘ಪೆದ್ರೊ ಪರಾಮೊ’ದಲ್ಲಿ ಅಧ್ಯಾಯಗಳಿಲ್ಲ, ಸತ್ತವರ ಮಾತುಗಳು ತುಣುಕುಗಳಾಗಿ ಬರುತ್ತವೆ. ವಾರದ ಅಂತರದಲ್ಲಿ ಯಾರು ಮಾತನಾಡಿದರೆಂಬುದೇ ಮರೆತುಹೋಗಿ ಏಳು ಜನರಲ್ಲಿ ಆರು ಜನ ಬಿಟ್ಟರು. ತೆಳ್ಳಗಿರುವ ಅದನ್ನು ಈಗ ಇಡಿಯಾಗಿಯೇ ಕೊಡುತ್ತೇನೆ. ಕಂತು ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ಅಧ್ಯಾಯದ ಕೊನೆಯೇ ಸರಿಯಾದ ಜಾಗವಲ್ಲ ಎಂದಷ್ಟು ತಿಳಿಸುತ್ತೇನೆ, ಉಳಿದದ್ದನ್ನು ನಿಮ್ಮ ಓದುಗರು ಕಲಿಸುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ ಎಲೆ ಸುತ್ತುವ ಕೆಲಸಗಾರರಿಗೆ ಕಾದಂಬರಿ ಓದಿಹೇಳುವ ಪದ್ಧತಿ 1865ರಲ್ಲೇ ಮೊದಲಾಯಿತು, ಅದಕ್ಕೆ ಬೇಕಾದ ಹಣವನ್ನು ಕೆಲಸಗಾರರೇ ಸೇರಿಸಿ ಕೊಡುತ್ತಿದ್ದರು. ನಮ್ಮ ಅಡಿಕೆ ಸುಲಿತದ ರಾತ್ರಿಗಳಿಗೆ ಇದು ಹೇಳಿಮಾಡಿಸಿದಂತಿದೆ ಎನ್ನಿಸಿ, ಮೂರು ಮನೆಗಳ ಅಂಗಳದಲ್ಲಿ ಕುಳಿತು ಓದಿದೆ. ಸುಲಿಯುವ ಯಂತ್ರ ಬಂದ ಮನೆಯಲ್ಲಿ ಸದ್ದಿನಲ್ಲಿ ಏನೂ ಕೇಳಲಿಲ್ಲ. ಕೈಯಲ್ಲಿ ಸುಲಿಯುವ ಎರಡು ಮನೆಗಳಲ್ಲಿ, ರಾತ್ರಿ ಹನ್ನೊಂದಾದರೂ ಇನ್ನೊಂದು ಪುಟವೆಂದು ಕೇಳುತ್ತಿದ್ದರು. ಅಕ್ಷರ ಬಾರದ ನಾಲ್ವರು ಮಹಿಳೆಯರು ಹೀಗೆ ಅಚೆಬೆಯನ್ನು ಪೂರ್ತಿ ಕೇಳಿದ್ದಾರೆ. ಅವರನ್ನು ಮೂವತ್ತಾರರಲ್ಲಿ ಸೇರಿಸಿಲ್ಲ.

ಈ ಕ್ರಮಕ್ಕೆ ಇದುವರೆಗೆ ಒಂಬತ್ತು ಸಾವಿರದಷ್ಟು ಖರ್ಚಾಗಿದೆ. ಬರುವ ಮಳೆಗಾಲಕ್ಕೆ ‘ಯುದ್ಧ ಮತ್ತು ಶಾಂತಿ’ಯನ್ನು ಮೂವತ್ತು ಕಂತುಗಳಾಗಿ ಬಿಡಿಸುತ್ತಿದ್ದೇನೆ, ಅದು ಮುಂದಿನ ಯುಗಾದಿಯವರೆಗೂ ನಡೆಯುತ್ತದೆ. ಹನ್ನೊಂದು ಜನ ಹೆಸರು ಬರೆಸಿದ್ದಾರೆ. ಹೆಸರಿನ ಚೀಟಿ ಈ ಸಲ ಎರಡು ಪುಟವಾಗಿದ್ದು, ಅದನ್ನೇ ಮೊದಲ ಕಂತೆಂದು ಹೊಲಿದಿದ್ದೇನೆ.