ಬಾರದ ಪಾರ್ಸೆಲ್‌ನ ದುಡ್ಡು ವಾಪಸ್ ತೆಗೆಸುವ ಬಗೆ: ನನ್ನ ಅನುಭವ

ಎರಡು ಮೂರು ಸಾವಿರಕ್ಕೆ ಯಾರು ಅಲೆಯುತ್ತಾರೆ, ಹೋದದ್ದು ಹೋಯಿತು ಎನ್ನುತ್ತಿದ್ದವರೇ ಈಗ ಆರ್ಡರ್ ನಂಬರ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಮನೆಯವರದ್ದು, ನೆಂಟರದ್ದು, ಅಕ್ಕಪಕ್ಕದವರದ್ದು ಸೇರಿ ಸುಮಾರು ಒಂದೂವರೆ ಲಕ್ಷ ವಾಪಸ್ ಬಂದಿರಬೇಕು. ಅದರಲ್ಲಿ ಕೋರ್ಟಿನವರೆಗೆ ಹೋದದ್ದು ತೀರಾ ಕಡಿಮೆ.

ಟ್ರ್ಯಾಕಿಂಗ್‌ನಲ್ಲಿ ಇನ್ನೂ ದಾರಿಯಲ್ಲೇ ಇದೆ ಎಂದಿದ್ದರೆ ಕೇಸು ಸುಲಭ, ಕ್ಯಾನ್ಸಲ್ ಒತ್ತಿದರೆ ಮುಗಿಯಿತು. ಕಷ್ಟದ್ದು 'ಡೆಲಿವರ್ಡ್' ಎಂದು ತೋರಿಸಿಯೂ ಕೈಗೆ ಏನೂ ಬಾರದಿದ್ದಾಗ. ಇಲ್ಲಿ 'ನನಗೆ ಬಂದಿಲ್ಲ' ಎಂದು ಎಷ್ಟು ಸಲ ಬರೆದರೂ ಒಂದೇ ಸಿದ್ಧ ಉತ್ತರ ಬರುತ್ತದೆ. ನಾನು ಬಂದಿಲ್ಲ ಎಂದು ಒಮ್ಮೆ ಮಾತ್ರ ಹೇಳುತ್ತೇನೆ, ಉಳಿದದ್ದೆಲ್ಲ ಅವರಿಂದ ಪುರಾವೆ ಕೇಳುವುದೇ. ಎಡಬ್ಲ್ಯುಬಿ ನಂಬರ್ (ಕೊರಿಯರ್‌ನವರ ಟ್ರ್ಯಾಕಿಂಗ್ ನಂಬರ್) ಯಾವುದು, ಎಷ್ಟು ಗಂಟೆಗೆ ಕೊಟ್ಟರು, ಯಾರ ಕೈಗೆ ಕೊಟ್ಟರು, ಸಹಿ ಅಥವಾ ಫೋಟೋ ಎಲ್ಲಿ, ಸ್ಕ್ಯಾನ್ ಆದ ಜಾಗ ಯಾವುದು, ಓಟಿಪಿ ಪಡೆದೇ ಕೊಟ್ಟಿದ್ದರೆ ಆ ಓಟಿಪಿ ಯಾವ ನಂಬರಿಗೆ ಹೋಗಿತ್ತು. ಇಷ್ಟೂ ಒಂದೇ ಮೇಲ್‌ನಲ್ಲಿ. ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತವೆ. ದಿನದ ಪಟ್ಟಿ ಮುಗಿಸಲು ಡೆಲಿವರಿಯವರು ರಾತ್ರಿ ಒಂಬತ್ತು ಹತ್ತಕ್ಕೆ ಒಟ್ಟಿಗೆ 'ಡೆಲಿವರ್ಡ್' ಎಂದು ಗುರುತು ಹಾಕಿದ ಪಾರ್ಸೆಲ್‌ಗೆ ಫೋಟೋ ಇರುವುದಿಲ್ಲ, ಇದ್ದರೂ ಬೇರೆ ಯಾರದೋ ಗೇಟಿನದು.

ಈ ಮೇಲ್ 'ಡೆಲಿವರ್ಡ್' ಕಂಡ ದಿನವೇ ಹೋಗಬೇಕು. ಕೆಲವು ದಿನ ಕಳೆದರೆ ಆ್ಯಪ್‌ನಲ್ಲಿ ದೂರಿನ ಬಟನ್ನೇ ಮಾಯವಾಗುತ್ತದೆ. 'ಗ್ರಾಹಕರು ಸಿಗಲಿಲ್ಲ' ಎಂದು ಹಾಕಿದ್ದರೆ ಆ ದಿನದ ಕಾಲ್ ಹಿಸ್ಟರಿಯ ಸ್ಕ್ರೀನ್‌ಶಾಟ್ ತೆಗೆದಿಡಿ, ಹಳೆಯ ಕರೆಗಳು ಫೋನಿನಲ್ಲಿ ಉಳಿಯುವುದಿಲ್ಲ.

ಕೆಲಸಕ್ಕೆ ಬಾರದ ದಾರಿಗಳನ್ನೂ ಹೇಳುತ್ತೇನೆ, ಅವುಗಳಲ್ಲೇ ಜನ ವಾರಗಟ್ಟಲೆ ಕಳೆಯುತ್ತಾರೆ. ಚಾಟ್ ಮಾಡಿದರೆ ಮಾತು ದಾಖಲೆಯಾಗಿ ಉಳಿಯುವುದಿಲ್ಲ. ಎಕ್ಸ್‌ನಲ್ಲಿ ಟ್ಯಾಗ್ ಮಾಡಿದರೆ ಮೊದಲಿನದೇ ಟಿಕೆಟ್ ನಂಬರ್ ಮತ್ತೆ ಕೇಳುತ್ತಾರೆ. ಒಂದು ಸ್ಟಾರ್ ರಿವ್ಯೂನಿಂದ ಒಂದು ರೂಪಾಯಿಯೂ ಬಂದಿಲ್ಲ. ಕಂಪನಿಗೆ ಬರೆಯದೆ ನೇರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ 'ನಮಗೆ ದೂರೇ ಬಂದಿಲ್ಲ' ಎಂದು ಕಂಪನಿ ಉತ್ತರ ಕೊಟ್ಟು ಅಲ್ಲಿ ದಾಖಲಾದ ದೂರನ್ನು ಮುಚ್ಚಿಸುತ್ತದೆ.

ಹಾಗಾಗಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ಹೆಸರು, ಸಂಪರ್ಕ ವಿವರ ಸೈಟಿನಲ್ಲೇ ಇರಬೇಕು, 48 ಗಂಟೆಯೊಳಗೆ ದೂರು ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮೇಲ್‌ನಲ್ಲಿ ಈ ನಿಯಮವನ್ನು ಹೆಸರಿಸಿದರೆ ಉತ್ತರದ ಧಾಟಿಯೇ ಬದಲಾಗುತ್ತದೆ. 48 ಗಂಟೆಯಲ್ಲಿ ಸದ್ದಿಲ್ಲದಿದ್ದರೆ ಆ ಮೇಲ್ ಇಟ್ಟುಕೊಂಡು 1915. ಕನ್ನಡದಲ್ಲೇ ಮಾತಾಡಬಹುದು. ಫೋನ್, ವಾಟ್ಸ್ಆ್ಯಪ್, ಪೋರ್ಟಲ್ ಮೂರನ್ನೂ ಬೇರೆ ಬೇರೆ ಕೇಸುಗಳಲ್ಲಿ ಹಾಕಿ ನೋಡಿದೆ. ಪೋರ್ಟಲ್ಲೇ ಮೇಲು, ಕಾಗದಗಳನ್ನು ನಾವೇ ಜೋಡಿಸಬಹುದು. ದೊಡ್ಡ ಕಂಪನಿಗಳು ಸಹಾಯವಾಣಿಯ ಜೊತೆ ನೇರ ಸಂಪರ್ಕದಲ್ಲಿರುವುದರಿಂದ ವಾರ ಹತ್ತು ದಿನದಲ್ಲಿ ಉತ್ತರ ಬಂದಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ, ಚಪ್ಪಲಿ ಮಾರುವ ಸಣ್ಣ ಪೇಜುಗಳ ವಿಷಯದಲ್ಲಿ ಇದು ನಡೆಯುವುದಿಲ್ಲ.

ಅಂಥವರ ಮೇಲೆ ಬ್ಯಾಂಕಿನ ದಾರಿಯೇ ಸರಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಮಾರಾಟಗಾರನಿಂದ ಹಣ ಹಿಂದಕ್ಕೆ ತರಿಸುವುದು, ಅದು ಡೆಬಿಟ್ ಕಾರ್ಡಿಗೂ ಉಂಟು. ಬ್ಯಾಂಕು ಇದನ್ನು ತಿರಸ್ಕರಿಸುವುದು ಬಹುತೇಕ ಒಂದೇ ಕಾರಣಕ್ಕೆ. ಫಾರ್ಮಿನಲ್ಲಿ 'ಈ ವ್ಯವಹಾರ ನಾನು ಮಾಡಿಲ್ಲ' ಎಂಬುದಕ್ಕೆ ಗುರುತು ಹಾಕಿರುತ್ತಾರೆ. ಆಗ 'ಓಟಿಪಿ ನೀವೇ ಹಾಕಿದ್ದೀರಿ' ಎಂದು ಮುಚ್ಚಿಬಿಡುತ್ತಾರೆ. 'ಸರಕು ತಲುಪಿಲ್ಲ' ಎಂಬುದನ್ನೇ ಆರಿಸಬೇಕು. ಆರ್ಡರ್ ದೃಢೀಕರಣ, ತಲುಪಬೇಕಿದ್ದ ದಿನಾಂಕ, ಪುರಾವೆ ಕೇಳಿದ ಮೇಲ್, ಈ ಮೂರು ಸಾಕು. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ 120 ದಿನದ ಗಡುವು ಇದ್ದರೂ ಬ್ಯಾಂಕುಗಳು ತಮ್ಮದೇ ಕಡಿಮೆ ಅವಧಿ ಹೇಳುವುದುಂಟು, ನಾನು ತಿಂಗಳು ದಾಟಲು ಬಿಡುವುದಿಲ್ಲ. ಬ್ಯಾಂಕು ಮೊದಲು ತಾತ್ಕಾಲಿಕವಾಗಿ ಹಣ ಹಾಕಿದರೆ ಖರ್ಚು ಮಾಡಬೇಡಿ. ಮಾರಾಟಗಾರ ದಾಖಲೆ ಕೊಟ್ಟರೆ ಅದು ಹಿಂದಕ್ಕೆ ಹೋಗುತ್ತದೆ. ಕಂಪನಿ ರೀಫಂಡ್ ಒಪ್ಪಿಕೊಂಡ ಮೇಲೆ ಚಾರ್ಜ್‌ಬ್ಯಾಕ್ ಹಾಕಿದರೆ ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಂಕು 30 ದಿನ ಸುಮ್ಮನಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, ಅವರ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಲು ಶುಲ್ಕವಿಲ್ಲ.

'ರೀಫಂಡ್ ಕಳಿಸಿದ್ದೇವೆ' ಎಂದ ಮಾತ್ರಕ್ಕೆ ನಂಬಬೇಡಿ. ರೀಫಂಡ್ ಗುರುತಿಸುವ ನಂಬರ್, ಅಂದರೆ ಕಾರ್ಡಿಗಾದರೆ 23 ಅಂಕಿಯ ಎಆರ್‌ಎನ್, ಯುಪಿಐಗಾದರೆ 12 ಅಂಕಿಯ ಆರ್‌ಆರ್‌ಎನ್ ಕೇಳಿ. ಆ ನಂಬರ್ ಇದ್ದರೆ ದುಡ್ಡು ಎಲ್ಲಿ ನಿಂತಿದೆ ಎಂದು ಬ್ಯಾಂಕಿನವರೇ ಹುಡುಕುತ್ತಾರೆ. ವಾಲೆಟ್‌ಗೆ, ಕೂಪನ್‌ಗೆ ಒಪ್ಪಲೇಬೇಡಿ, ಹಣ ಹೊರಟಲ್ಲಿಗೇ ವಾಪಸ್ ಬರಬೇಕು. ಡೆಲಿವರಿ ಚಾರ್ಜು, ಪ್ಲಾಟ್‌ಫಾರ್ಮ್ ಫೀ ಹಿಡಿದುಕೊಂಡು ಉಳಿದದ್ದು ಕೊಡುವುದು ಸಾಮಾನ್ಯ. ಇಪ್ಪತ್ತೋ ಎಪ್ಪತ್ತೋ ರೂಪಾಯಿ, ಅದನ್ನೂ ಬಿಡಬೇಡಿ. ಕಂತಿನಲ್ಲಿ ಕೊಂಡಿದ್ದರೆ ಬ್ಯಾಂಕಿನಲ್ಲಿ ಆ ಕಂತನ್ನು ರದ್ದು ಮಾಡಿಸಿದಿರಾ ನೋಡಿ, ಇಲ್ಲವಾದರೆ ಬಡ್ಡಿಯೂ ಅದರ ಮೇಲೆ 18% ಜಿಎಸ್‌ಟಿಯೂ ಓಡುತ್ತಲೇ ಇರುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡುತ್ತಿದ್ದೇನೆ, ಖಾಲಿ ಡಬ್ಬ ಬರುವ ಕೇಸುಗಳಿಗೆ. ಪಾರ್ಸೆಲ್ ಮೇಲಿನ ಲೇಬಲ್ಲಿನಲ್ಲಿ ತೂಕ ಬರೆದಿದ್ದರೆ ಒಡೆಯುವ ಮೊದಲೇ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು, ಲೇಬಲ್ಲೂ ಅಂಕಿಯೂ ಒಟ್ಟಿಗೆ ಕಾಣುವಂತೆ ವಿಡಿಯೊ ತೆಗೆಯುವುದು. ಮೊಬೈಲ್, ಮಿಕ್ಸಿಯಂಥ ಭಾರದ ಸಾಮಾನಿಗೆ ಚೆನ್ನಾಗಿ ನಡೆದಿದೆ, ಬಟ್ಟೆಗೆ ಅಷ್ಟು ಖಚಿತವಲ್ಲ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಗುರುಗ್ರಾಮದಲ್ಲಿದ್ದರೂ ಉತ್ತರಿಸಬೇಕಾದ್ದು ಹಾಸನದಲ್ಲಿ. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದ ಗಡುವು, ವಕೀಲರು ಇಲ್ಲದೆಯೂ ನಡೆಯುತ್ತದೆ. 2025ರಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನೋಟರಿ, ಪ್ರಿಂಟು, ಸ್ಪೀಡ್ ಪೋಸ್ಟ್ ಎಲ್ಲ ಸೇರಿ ಐನೂರು ರೂಪಾಯಿ ಆಸುಪಾಸು. ಪ್ಲಾಟ್‌ಫಾರ್ಮ್, ಮಾರಾಟಗಾರ, ಕೊರಿಯರ್ ಮೂವರನ್ನೂ ಎದುರುದಾರರಾಗಿ ಸೇರಿಸಿ, ಒಬ್ಬರನ್ನು ಬಿಟ್ಟರೆ ಉಳಿದಿಬ್ಬರೂ ತಪ್ಪನ್ನು ಅವರ ಮೇಲೆ ಹೊರಿಸುತ್ತಾರೆ. ದೂರಿಗೆ ಮುಂಚೆ 15 ದಿನದ ನೋಟಿಸನ್ನು ಕಂಪನಿಯ ನೋಂದಾಯಿತ ಕಚೇರಿಗೆ ಕಳಿಸುತ್ತೇನೆ. ಹೆಚ್ಚಿನವರು ಅದು ತಲುಪಿದ ವಾರದಲ್ಲೇ ಹಣ ಹಾಕುತ್ತಾರೆ. ಆ ನೋಟಿಸಿನಲ್ಲಿ ಯಾರ ಹೆಸರು ಹಾಕುತ್ತೇನೆ, ಕೊನೆಯ ಪ್ಯಾರಾದಲ್ಲಿ ಏನು ಬರೆಯುತ್ತೇನೆ ಎಂಬುದನ್ನು ಇಲ್ಲಿ ಬಿಡಿಸಿಡುವುದಿಲ್ಲ, ಎಲ್ಲರೂ ಅದನ್ನೇ ನಕಲು ಮಾಡಿದರೆ ಅದಕ್ಕೂ ಒಂದು ಸಿದ್ಧ ಉತ್ತರ ತಯಾರಾಗುತ್ತದೆ.

ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರಿಗೆ ಮಾತ್ರ ಯಾರೂ ಫೋನ್ ಮಾಡಬೇಡಿ, ಅದು ವಂಚಕರದ್ದಾಗಿರಬಹುದು. ಹಣ ಪಡೆಯಲು ಯುಪಿಐ ಪಿನ್ ಬೇಡ. ಪಿನ್ ಕೇಳಿದರೆ, ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿ ಎಂದರೆ ಕರೆ ಕತ್ತರಿಸಿ. ದುಡ್ಡು ಹೋಗಿಯೇಬಿಟ್ಟಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.