ಪಾದಯಾತ್ರಿಗಳ ತಂಗುದಾಣದಲ್ಲಿ ಸೇವೆಗೆ ನಿಲ್ಲುವುದು ಹೇಗೆ?

ಶಿವರಾತ್ರಿ ಹತ್ತಿರ ಬಂದರೆ ಧರ್ಮಸ್ಥಳದ ದಾರಿ ತುಂಬಿಹೋಗುತ್ತದೆ. ಬೆಂಗಳೂರು, ತುಮಕೂರು, ಮಂಡ್ಯ, ಹಾಸನದ ಕಡೆಯಿಂದ ಜನ ನಡೆದೇ ಬರುತ್ತಾರೆ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ದಾರಿಯುದ್ದಕ್ಕೂ ಶಾಲೆ, ಸಮುದಾಯ ಭವನ, ಶಾಮಿಯಾನ, ಎಲ್ಲೆಂದರಲ್ಲಿ ಅವರಿಗೆ ರಾತ್ರಿ ಮಲಗಲು ಜಾಗ ಮಾಡಿರುತ್ತಾರೆ. ಅಲ್ಲಿ ಸೇವೆ ಮಾಡಬೇಕು ಅಂತ ಹೊಸ ಹುಡುಗರು, ಹೆಣ್ಣುಮಕ್ಕಳು ಪ್ರತಿ ವರ್ಷ ಬರುತ್ತಾರೆ. ಬಂದವರೆಲ್ಲ ಮೊದಲು ಹುಡುಕುವುದು ಸೌಟು. ಬಡಿಸಲು ಹತ್ತು ಜನ ನಿಂತಿರುತ್ತಾರೆ, ಮೂಲೆಯಲ್ಲಿ ಕೂತವರ ಕಾಲು ನೋಡಲು ಒಬ್ಬರೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲೇ ಹೆಸರು ಕೊಡಿ

ತಂಗುದಾಣ ನಡೆಸುವವರಿಗೆ ಹದಿನೈದು ದಿನ ಮುಂಚೆ ತಿಳಿಸಿ. ಕನಿಷ್ಠ ಎರಡು ರಾತ್ರಿ ಇರಲು ನಿಮಗೆ ಆಗುತ್ತದೆ ಅಂದರೆ ಮಾತ್ರ ಒಪ್ಪಿಕೊಳ್ಳಿ. ಒಂದೇ ರಾತ್ರಿ ಬಂದು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಕೆಲಸ ಕಲಿಸುವಷ್ಟರಲ್ಲಿ ಬೆಳಗಾಗಿರುತ್ತದೆ.

2. ಮಧ್ಯಾಹ್ನವೇ ಜಾಗ ಸಿದ್ಧ ಮಾಡಿ

ಗುಡಿಸಿ, ಚಾಪೆ ಹಾಸಿ. ಹೆಂಗಸರಿಗೆ ಬೇರೆ ಕೋಣೆ ಇರಲಿ. ಅದು ಶೌಚಾಲಯಕ್ಕೆ ಹತ್ತಿರವಿರಲಿ, ದಾರಿಗೆ ಬಲ್ಬ್ ಇರಲಿ. ಕತ್ತಲಲ್ಲಿ ಹೋಗಬೇಕಲ್ಲ ಅಂತ ಸಂಜೆಯಿಂದ ನೀರೇ ಕುಡಿಯದ ಎಷ್ಟೋ ಅಮ್ಮಂದಿರನ್ನು ಕಂಡಿದ್ದೇನೆ. ಕುಡಿಯುವ ನೀರಿನ ಡ್ರಮ್ಮು, ಕಾಲು ತೊಳೆಯುವ ಡ್ರಮ್ಮು ಬೇರೆ ಬೇರೆ ಇರಬೇಕು, ಮೇಲೆ ದೊಡ್ಡದಾಗಿ ಬರೆದಿರಬೇಕು. ಲೋಟ ಸ್ಟೀಲಿನದೇ ಆಗಲಿ. ಪೇಪರ್ ಕಪ್ಪು, ಪ್ಲಾಸ್ಟಿಕ್ ಬಾಟಲಿ ಕೊಟ್ಟರೆ ಅದು ಮಾರನೇ ದಿನ ಘಾಟಿಯ ಕಾಡಿನಲ್ಲಿ ಬಿದ್ದಿರುತ್ತದೆ.

3. ಬಂದವರನ್ನು ಕೂರಿಸಿ

ಬಾಗಿಲಲ್ಲೇ ಯಾವ ಊರು, ಎಷ್ಟು ಜನ, ಹೆಸರು ಬರೆಸಿ ಅಂತ ಶುರು ಮಾಡಬೇಡಿ. "ಬನ್ನಿ ಅಮ್ಮ, ಕೂತ್ಕೊಳ್ಳಿ, ಚೀಲ ನಾನು ಇಡ್ತೀನಿ" ಅಂದರೆ ಸಾಕು. ಮೊದಲು ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ತೀರಾ ಸುಸ್ತಾದವರಿಗೆ ಓಆರ್‌ಎಸ್. ಮೆಡಿಕಲ್ ಶಾಪಿನಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ, ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ತರಬೇಡಿ. ಪೊಟ್ಟಣ ಮುಗಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ. ಉಪ್ಪು ಜಾಸ್ತಿ ಆಗಬಾರದು.

4. ಕಾಲು ನೋಡಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲನೇ ತಪ್ಪು ಬಿಸಿನೀರು. ದಣಿದ ಕಾಲಿಗೆ ಹಿತ ಅಂತ ಹಬೆಯಾಡುವ ನೀರಿನ ಟಬ್ ತಂದಿಡುತ್ತಾರೆ. ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಪಾದದಲ್ಲಿ ಸ್ಪರ್ಶವೇ ಇರುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಒಂದು ವರ್ಷ ನಮ್ಮಲ್ಲೇ ಹಾಗಾಯಿತು. ಅಜ್ಜ ಒಬ್ಬರು "ಚೆನ್ನಾಗಿದೆ ಮಗಾ" ಅನ್ನುತ್ತಾ ಕೂತಿದ್ದರು, ಕಾಲು ತೆಗೆದಾಗ ಪಾದದ ಚರ್ಮ ಕೆಂಪಗೆ ಊದಿತ್ತು. ಆವತ್ತಿನಿಂದ ನಾನು ಮೊದಲು ಕೇಳುವುದೇ "ಶುಗರ್ ಇದೆಯಾ?" ಅಂತ. ನೀರು ಉಗುರುಬೆಚ್ಚಗಿರಲಿ, ನಿಮ್ಮ ಮೊಣಕೈ ಅದ್ದಿ ನೋಡಿ ಕೊಡಿ. ಐದು ನಿಮಿಷ ಸಾಕು. ತುಂಬಾ ಹೊತ್ತು ನೆನೆದ ಚರ್ಮ ಮೆತ್ತಗಾಗಿ, ಮಾರನೇ ದಿನ ಇನ್ನೂ ಬೇಗ ಸುಲಿಯುತ್ತದೆ.

ಎರಡನೆಯದು ಕಾಲುಚೀಲ. ಬೊಬ್ಬೆ ಒಡೆದು ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತದೆ. ಒಮ್ಮೆಲೇ ಎಳೆದರೆ ಚರ್ಮವೂ ಜೊತೆಗೆ ಬರುತ್ತದೆ. ಕಾಲುಚೀಲದ ಮೇಲೆಯೇ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಹಾಕುತ್ತಾ ಇರಿ. ಬಟ್ಟೆ ತಾನಾಗಿ ಸಡಿಲವಾಗುತ್ತದೆ. ಆಗ ಹಿಮ್ಮಡಿಯ ಕಡೆಯಿಂದ ಮಡಚುತ್ತಾ ತೆಗೆಯಿರಿ. ಹತ್ತು ನಿಮಿಷ ಹಿಡಿದರೆ ಹಿಡಿಯಲಿ.

ಇನ್ನು ಬೊಬ್ಬೆ. ಚಿಕ್ಕದಾಗಿದ್ದು ನೋವಿಲ್ಲ ಅಂದರೆ ಮುಟ್ಟಬೇಡಿ, ಮೇಲೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಹತ್ತಿಬಟ್ಟೆ) ಇಟ್ಟು ಟೇಪ್ ಹಾಕಿ. ದೊಡ್ಡದಾಗಿ ಬಿಗಿದುಕೊಂಡು, ಕಾಲೂರಲು ಆಗುತ್ತಿಲ್ಲ ಅಂದರೆ ಮಾತ್ರ ನೀರು ತೆಗೆಯಬೇಕು. ನಿಮ್ಮ ಕೈ, ಅವರ ಪಾದ ಎರಡನ್ನೂ ಸೋಪಿನಲ್ಲಿ ತೊಳೆಯಿರಿ. ಒಬ್ಬೊಬ್ಬರಿಗೂ ಹೊಸ, ಕ್ರಿಮಿರಹಿತ ಸೂಜಿಯಿಂದಲೇ ಬೊಬ್ಬೆಯ ಅಂಚಿನಲ್ಲಿ ಒಂದೆರಡು ಕಡೆ ಚುಚ್ಚಿ. ಒಬ್ಬರಿಗೆ ಬಳಸಿದ ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಬಳಸಬೇಡಿ. ಗಾಜ್‌ನಿಂದ ಮೆಲ್ಲಗೆ ಒತ್ತಿ ನೀರು ಹೊರಗೆ ಬರಿಸಿ. ಮೇಲಿನ ಚರ್ಮ ಕತ್ತರಿಸಬೇಡಿ, ಸುಲಿಯಬೇಡಿ. ಅದೇ ಗಾಯಕ್ಕೆ ಹೊದಿಕೆ. ಎಷ್ಟು ಸಲ ಹೇಳಿದರೂ ಯಾರೋ ಒಬ್ಬರು ಉಗುರಿನಿಂದ ಕಿತ್ತು ಹಾಕಿರುತ್ತಾರೆ. ಅರಿಶಿನ, ಟೂತ್‌ಪೇಸ್ಟ್, ಕಾಫಿಪುಡಿ ಏನನ್ನೂ ಮೆತ್ತಬೇಡಿ.

ಸಕ್ಕರೆ ಕಾಯಿಲೆ ಇರುವವರ ಬೊಬ್ಬೆಗೆ ನೀವು ಸೂಜಿ ಹಿಡಿಯಲೇಬೇಡಿ. ಮುಚ್ಚಿ, ವೈದ್ಯರ ಹತ್ತಿರ ಕಳಿಸಿ. ಗಾಯದ ಸುತ್ತ ಕೆಂಪಗೆ ಹರಡುತ್ತಿದ್ದರೆ, ಕೀವು ಇದ್ದರೆ, ಜ್ವರ ಬಂದಿದ್ದರೆ ಯಾರಾದರೂ ಸರಿ, ಅದೇ ಮಾತು.

ಟೇಪಿನ ವಿಷಯ ಹೇಳಲೇಬೇಕು. ಪ್ಲಾಸ್ಟಿಕ್‌ನ ಚಿಕ್ಕ ಪಟ್ಟಿಗಳು ಬೆವರಿಗೆ ಅರ್ಧ ಗಂಟೆಯಲ್ಲಿ ಉದುರಿ, ಚಪ್ಪಲಿಯೊಳಗೆ ಮುದ್ದೆಯಾಗಿ ಇನ್ನೊಂದು ಬೊಬ್ಬೆ ಮಾಡುತ್ತವೆ. ಬಟ್ಟೆಯ ಅಂಟುಪಟ್ಟಿಯ ರೋಲ್ ತನ್ನಿ. ಪಾದ ಪೂರ್ತಿ ಒಣಗಿದ ಮೇಲೆ, ಸುಕ್ಕಿಲ್ಲದೆ, ಮೂಲೆಗಳನ್ನು ದುಂಡಗೆ ಕತ್ತರಿಸಿ ಹಾಕಿ. ನೋವಿನ ಸ್ಪ್ರೇಯನ್ನು ಸುಲಿದ ಚರ್ಮದ ಮೇಲೆ ಹೊಡೆಯಬೇಡಿ. ನೋವಿನ ಮಾತ್ರೆಯನ್ನಂತೂ ಪ್ರಸಾದದ ಹಾಗೆ ಹಂಚಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಕೆಲವು ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಹರಕೆ ಹೊತ್ತು ಬರಿಗಾಲಲ್ಲಿ ಬಂದವರಿಗೆ "ಚಪ್ಪಲಿ ಹಾಕ್ಕೊಳ್ಳಿ" ಅಂತ ಉಪದೇಶ ಬೇಡ. ಪಾದ ತೊಳೆದು, ಟಾರ್ಚ್ ಬೆಳಕಿನಲ್ಲಿ ಮುಳ್ಳು, ಗಾಜಿನ ಚೂರು ಇದೆಯಾ ನೋಡಿ.

5. ಊಟ

ಅನ್ನ, ಸಾರು, ಮಜ್ಜಿಗೆ. ಎಣ್ಣೆ, ಖಾರ ಕಡಿಮೆ. ಉಪವಾಸದವರು ಇರುತ್ತಾರೆ, ಹಣ್ಣು ಇಟ್ಟಿರಿ.

6. ರಾತ್ರಿ

ಒಂಬತ್ತೂವರೆಗೆ ಮೈಕ್ ಬಂದ್, ದೊಡ್ಡ ದೀಪ ಬಂದ್. ಭಜನೆ ನಿಲ್ಲಿಸಬೇಕಾ ಅಂತ ಕೆಲವರಿಗೆ ಬೇಸರವಾಗುತ್ತದೆ. ಆದರೆ ಮೂರು ಗಂಟೆಗೆ ಎದ್ದು ಹೊರಡುವವರಿಗೆ ನಿದ್ದೆ ಬೇಕು, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಫೋನ್ ಚಾರ್ಜಿಗೆ ಒಂದೇ ಮೇಜು ಇಡಿ, ಪ್ರತಿ ಫೋನಿಗೂ ಹೆಸರಿನ ಚೀಟಿ ಅಂಟಿಸಿ. ನಿಮ್ಮಲ್ಲಿ ಒಬ್ಬರು ಸರದಿಯಂತೆ ಎಚ್ಚರ ಇರಬೇಕು. ಯಾರಿಗಾದರೂ ಎದೆ ನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

7. ಬೆಳಗಿನ ಜಾವ

ಹೊರಡುವ ಮುಂಚೆ ಕಾಲಿನ ಪಟ್ಟಿ ಇನ್ನೊಮ್ಮೆ ನೋಡಿ. ಘಾಟಿ ಇಳಿಯುವಾಗ ಬೆರಳು ಶೂವಿನ ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಹಾಗಾಗಿ ನೇಲ್ ಕಟರ್ ಕೊಡಿ, ಲೇಸ್ ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿಸಿ. ಚೀಲದ ಹಿಂದೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ. ಎದುರಿಗೆ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಲು ಹೇಳಿ.

ನಡೆಯಲು ಆಗದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಎಲ್ಲರ ಮುಂದೆ ಹೇಳಬೇಡಿ. ಪಕ್ಕದಲ್ಲಿ ಕೂತು, "ಅಮ್ಮ, ಇವತ್ತೊಂದು ದಿನ ಇಲ್ಲೇ ಇರಿ, ನಾಳೆ ಬೇರೆ ತಂಡದ ಜೊತೆ ಹೋಗುವಿರಂತೆ" ಅನ್ನಿ. ಬಸ್ಸಿನಲ್ಲಿ ಹೋಗಿ ಅಂದರೆ ಅಳುತ್ತಾರೆ. ಇನ್ನೊಂದು ದಿನ ಉಳಿಯಿರಿ ಅಂದರೆ ಒಪ್ಪುತ್ತಾರೆ.

8. ಅವರು ಹೋದ ಮೇಲೆ

ಚಾಪೆ ಕೊಡವಿ ಬಿಸಿಲಿಗೆ ಹಾಕಿ. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಹತ್ತಿರದ ಆಸ್ಪತ್ರೆಗೆ ಕೊಡಿ. ಚಾಪೆ ಕೆಳಗೆ ಕನ್ನಡಕ, ಬಿಪಿ ಮಾತ್ರೆ ಸಿಕ್ಕೇ ಸಿಗುತ್ತವೆ. ಸಿಕ್ಕ ಕೂಡಲೇ ಮುಂದಿನ ತಂಗುದಾಣಕ್ಕೆ ಫೋನ್ ಮಾಡಿ, ಆ ಕಡೆ ಹೋಗುವ ಬೈಕಿನವರ ಕೈಲಿ ಕಳಿಸಿ. ಮಾತ್ರೆ ಇಲ್ಲದೆ ಅವರು ಘಾಟಿ ಇಳಿಯುವ ಮುಂಚೆ ಅದು ತಲುಪಬೇಕು.