ಪ್ರಾಡಕ್ಟ್ ಡಿಸೈನ್ ಓದಬೇಕೇ? ಮೊದಲು ಮೆಟ್ಟುಗತ್ತಿಯ ಎದುರು ಕುಳಿತುಕೊಳ್ಳಿ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿರಸಿ ಸೀಮೆಯ ಅಂಗಳಗಳಲ್ಲಿ ಕಾಯಿ ಸುಲಿಯುವ ಮೆಟ್ಟುಗತ್ತಿಗಳು ಸಾಲುಗಟ್ಟುತ್ತವೆ. ಉತ್ಪನ್ನ ವಿನ್ಯಾಸ ಮತ್ತು ತಯಾರಿಕೆ ಓದಬೇಕೆನ್ನುವವರು ಆ ಸಾಲಿನ ಎದುರು ಒಂದು ಗಂಟೆ ಕುಳಿತು ಬರಲಿ. ಸುಲಿಯುವವರ ಕೈ ಎಲ್ಲಿ ತಡೆಯುತ್ತದೆ, ಸೊಂಟ ಯಾವಾಗ ಹಿಡಿದುಕೊಳ್ಳುತ್ತದೆ, ಕತ್ತಿಯನ್ನು ಎಷ್ಟು ಹೊತ್ತಿಗೊಮ್ಮೆ ಮಸೆಯಬೇಕಾಗುತ್ತದೆ ಎಂದು ಬರೆದುಕೊಳ್ಳಲಿ. ಚಂದದ ಚಿತ್ರ ಬಿಡಿಸುವುದೇ ಡಿಸೈನ್ ಎಂದುಕೊಂಡು ಸೇರುವವರು ಬಹಳ. ಅವರಿಗೆ ಮೊದಲ ವರ್ಷವೇ ಬೇಸರ ಬರುತ್ತದೆ.

ಸೇರುವ ದಾರಿ ಹೀಗೆ. ಎಸ್ಸೆಸ್ಸೆಲ್ಸಿ ಮುಗಿಸಿದವರು 3 ವರ್ಷದ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಹೋಗಬಹುದು. ಪಿಯುಸಿ ವಿಜ್ಞಾನದವರಿಗೆ ಸಿಇಟಿ ಮೂಲಕ ಮೆಕ್ಯಾನಿಕಲ್ ಎಂಜಿನಿಯರಿಂಗ್ ಇದೆ. ಕಾರವಾರದ ಮಾಜಾಳಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಕಲಾ, ವಾಣಿಜ್ಯ ಓದಿದವರೂ ಯುಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆದು 4 ವರ್ಷದ ವಿನ್ಯಾಸ ಪದವಿ ಬಿ.ಡೆಸ್.ಗೆ ಪ್ರಯತ್ನಿಸಬಹುದು, ಆ ಪರೀಕ್ಷೆಯಲ್ಲಿ ಕೈಯಿಂದ ಬಿಡಿಸುವ ಚಿತ್ರದ ಭಾಗವೂ ಇರುತ್ತದೆ. ಬಿ.ಇ. ಆದ ಮೇಲೆ ಗೇಟ್ ಅಥವಾ ಸೀಡ್ ಪ್ರವೇಶ ಪರೀಕ್ಷೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡೆಸ್. ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಬಹುದು.

ಸೇರಿದ ಮೇಲೆ ಕಂಪ್ಯೂಟರಿನ ಮುಂದೆ ಕೂರುವ ಅವಸರ ಬೇಡ. ದಪ್ಪ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ನೂರು ಅಡಿಕೆ ಅಳೆಯಿರಿ. ಒಂದರಂತೆ ಇನ್ನೊಂದು ಇರುವುದಿಲ್ಲ. ಸುಲಿಯುವ ಯಂತ್ರದ ಗೋಳೇ ಇದು: ಬ್ಲೇಡಿನ ಸಂದನ್ನು ದಪ್ಪ ಕಾಯಿಗೆ ಹೊಂದಿಸಿದರೆ ಸಣ್ಣದು ಸಿಪ್ಪೆ ಸಮೇತ ಜಾರಿಬೀಳುತ್ತದೆ, ಸಣ್ಣದಕ್ಕೆ ಹೊಂದಿಸಿದರೆ ದಪ್ಪದ್ದು ಒಡೆದು ಬೆಲೆ ಕಳೆದುಕೊಳ್ಳುತ್ತದೆ. ಮೊದಲೇ ಗಾತ್ರಕ್ಕೆ ತಕ್ಕಂತೆ ಆರಿಸುವುದೋ, ಬ್ಲೇಡಿಗೆ ಸ್ಪ್ರಿಂಗ್ ಕೊಟ್ಟು ಅದೇ ಹಿಂದೆ ಸರಿಯುವಂತೆ ಮಾಡುವುದೋ? ಮೊದಲನೆಯದಕ್ಕೆ ಇನ್ನೊಂದು ಯಂತ್ರ ಬೇಕು, ಎರಡನೆಯದಕ್ಕೆ ಸವೆಯುವ ಭಾಗ ಹೆಚ್ಚು. ನೀವು ಯಾವುದನ್ನು ಆರಿಸಿದಿರಿ, ಏಕೆ ಎನ್ನುವುದನ್ನು ಎರಡು ಪುಟ ಬರೆಯಿರಿ.

ಆಮೇಲೆ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು. ಪರದೆಯ ಮೇಲೆ ಎಲ್ಲವೂ ಕೂಡಿಕೊಳ್ಳುತ್ತದೆ, ಅದೇ ಅಪಾಯ. ನನ್ನ ಮೊದಲ ನಕ್ಷೆಯನ್ನು ಲೇತ್ ಅಂಗಡಿಯವರು ಒಂದೇ ನೋಟಕ್ಕೆ ಹಿಂದಿರುಗಿಸಿದ್ದರು. ಬೋಲ್ಟ್ ಇಟ್ಟಿದ್ದೆ, ಅದನ್ನು ಬಿಗಿಯುವ ಪಾನ (ಸ್ಪ್ಯಾನರ್) ಹೋಗಲು ಜಾಗ ಬಿಟ್ಟಿರಲಿಲ್ಲ! ರಜೆಯಲ್ಲಿ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತಿಂಗಳು ಕೈ ಕೊಳೆ ಮಾಡಿಕೊಂಡರೆ ಇಂಥ ನಗೆಪಾಟಲು ತಪ್ಪುತ್ತದೆ.

ಎಷ್ಟು ಮಾಡಬೇಕು, ಎಲ್ಲಿ ಬಳಸಬೇಕು ಎಂಬುದನ್ನು ನೋಡಿ ವಸ್ತು ಮತ್ತು ವಿಧಾನ ನಿರ್ಧರಿಸಿ. ಪ್ಲಾಸ್ಟಿಕ್ ಭಾಗಕ್ಕೆ ಅಚ್ಚು ಮಾಡಿಸುವ ಖರ್ಚು ಸಾವಿರಾರು ಪ್ರತಿಗಳಿಗೆ ಹಂಚಿಹೋದರೆ ಮಾತ್ರ ಹೊರೆಯಾಗದು. ಐವತ್ತೇ ಸಾಕೆಂದರೆ ತಗಡು ಬಾಗಿಸಿ ಬೆಸೆಯುವುದು ಲೇಸು. ಅದೇ ತಗಡು ಕಾರವಾರದ ಮೀನು ಬಂದರಿಗೆ ಹೋಗುವುದಾದರೆ ಲೆಕ್ಕವೇ ಬೇರೆ. ಉಪ್ಪುಗಾಳಿಗೆ ಸಾದಾ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಕಲೆ ಏಳುತ್ತದೆ. ಮಾಲಿಬ್ಡಿನಂ ಇರುವ 316 ಚೆನ್ನಾಗಿ ತಡೆದುಕೊಳ್ಳುತ್ತದೆ, ಬೆಲೆಯೂ ಅಷ್ಟೇ ಹೆಚ್ಚು. ತ್ರೀಡಿ ಪ್ರಿಂಟರಿನಲ್ಲಿ ಪಿಎಲ್ಎ ಪ್ಲಾಸ್ಟಿಕ್‌ನಿಂದ ತೆಗೆದ ಮಾದರಿಯನ್ನಂತೂ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

ಮಾದರಿ ಸಿದ್ಧವಾದಾಗ ಅದೇ ಅಂಗಳಕ್ಕೆ ಒಯ್ದು, ಸುಲಿಯುವವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ನಿಲ್ಲಿ. ‘ಹಾಗಲ್ಲ, ಹೀಗೆ’ ಎನ್ನಲು ನಾಲಿಗೆ ತುರಿಸಿದ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ಎರಡನೆಯ ಮಾದರಿಯಲ್ಲಿ ತಿದ್ದಬೇಕಾದದ್ದು ಅವನ್ನೇ.